ಯಂತ್ರ ಹೇಳಿದ ಮಳೆಗೆ ಕಾರಣ ಕೇಳುವವರು

ಜೂನ್ ತಿಂಗಳ ಮೊದಲ ವಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಹೋಗಿ ಕುಳಿತರೂ ಕೇಳಿಬರುವ ಮಾತು ಒಂದೇ: ಮಿರಗ ಹಿಡಿಯುತ್ತದೆಯೋ ಇಲ್ಲವೋ? ಮೃಗಶಿರಾ ಮಳೆ ಒಂದು ಹದಕ್ಕೆ ಬಿದ್ದರೆ ತೊಗರಿ ಬಿತ್ತನೆಗೆ ಕೂರಿಗೆ ಹೊರಡುತ್ತದೆ. ಆದರೆ ಬಿತ್ತಿದ ಮೇಲೆ ಮಳೆ ಹದಿನೈದು ದಿನ ಮುಖ ತಿರುಗಿಸಿದರೆ ಮೊಳಕೆ ಒಣಗುತ್ತದೆ. ಮತ್ತೆ ಬೀಜ, ಮತ್ತೆ ಗೊಬ್ಬರ, ಮತ್ತೆ ಸಾಲ. ಹಾಗೆಂದು ಬಿತ್ತದೆ ಕಾಯ್ದರೆ, ಬಂದ ಹದ ಕೈತಪ್ಪುತ್ತದೆ.

ಇಂಥ ಹೊತ್ತಿನಲ್ಲಿ ಒಬ್ಬ ರೈತನ ಮೊಬೈಲಿಗೆ ಒಂದು ಸಂದೇಶ ಬರುತ್ತದೆ ಎಂದು ಊಹಿಸಿಕೊಳ್ಳಬಹುದು: ‘ಮುಂದಿನ ಎರಡು ವಾರ ಮಳೆ ತಡೆಹಿಡಿಯುವ ಸಂಭವವಿದೆ.’ ಅವನು ಅದನ್ನು ಶಾಲೆಗೆ ಹೋಗುವ ಮಗಳಿಂದ ಓದಿಸಿ, ಆಕಾಶ ನೋಡಿ ಹೇಳುತ್ತಾನೆ: ‘ಮಳಿ ಆಗಂಗಿಲ್ಲ ಅಂತೈತಿ. ಯಾಕ ಆಗಂಗಿಲ್ಲ ಅಂತ ಮಾತ್ರ ಹೇಳಂಗಿಲ್ಲಲ್ಲ!’

ಈ ರೈತನ ಪ್ರಶ್ನೆ ಸಣ್ಣದಲ್ಲ. ಇಂದು ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ತರುಣ ತರುಣಿಯರು ನಾಲ್ಕೈದು ವರ್ಷ ಶ್ರಮಿಸಿ ಪಿಎಚ್.ಡಿ. ಪಡೆಯುತ್ತಿರುವುದು ಇದೇ ಪ್ರಶ್ನೆಗೆ ಉತ್ತರ ಹುಡುಕಿ. ಗಣಕಯಂತ್ರ ತಾನೇ ಕಲಿತು ಹವಾಮಾನದ ಮುನ್ಸೂಚನೆ ಕೊಡುವುದು ಒಂದು ವಿದ್ಯೆ. ಆ ಯಂತ್ರ ಯಾವ ಆಧಾರದ ಮೇಲೆ ಹಾಗೆ ಹೇಳಿತು ಎಂಬುದನ್ನು ಅದರಿಂದಲೇ ಹೊರಡಿಸುವುದು ಇನ್ನೊಂದು ವಿದ್ಯೆ. ಎರಡನೆಯದಕ್ಕೆ ‘ವಿವರಿಸಬಲ್ಲ ಯಂತ್ರಕಲಿಕೆ’ ಎಂದು ಹೆಸರು.

ಗಣಿತದ ಪರೀಕ್ಷೆಯಲ್ಲಿ ಬರೀ ಉತ್ತರ ಬರೆದವನಿಗೆ ಪೂರ್ಣ ಅಂಕ ಸಿಗುವುದಿಲ್ಲ. ಹಂತಗಳನ್ನು ತೋರಿಸಬೇಕು. ಉತ್ತರ ಸರಿಯಿದ್ದರೂ, ಅದು ಲೆಕ್ಕ ಮಾಡಿ ಬಂದದ್ದೋ ಪಕ್ಕದವನ ಹಾಳೆಯಿಂದ ಬಂದದ್ದೋ ಎಂಬುದು ಹಂತಗಳಿಂದಲೇ ತಿಳಿಯುವುದು. ಯಂತ್ರಕ್ಕೂ ಇದೇ ನಿಯಮ ಹಾಕಬೇಕು ಎನ್ನುವುದು ಈ ಸಂಶೋಧಕರ ವಾದ.

ಮಳೆ ನೆರಳಿನ ನಾಡು

ವಿಜಯಪುರ ಜಿಲ್ಲೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟ ಹತ್ತುವಾಗಲೇ ಬಹುಪಾಲು ನೀರನ್ನು ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಇಲ್ಲಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಎರೆ ಭೂಮಿ ಆ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿ ಬಿಳಿಜೋಳವನ್ನು ಚಳಿಗಾಲದುದ್ದಕ್ಕೂ ಸಾಕುತ್ತದೆ. ಡೋಣಿಯ ದಂಡೆ ಬೆಳೆದರೆ ಓಣಿಗೆಲ್ಲ ಕಾಳು ಎಂಬರ್ಥದ ಮಾತು ಈ ಭಾಗದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ವಿಚಿತ್ರವೂ ಇದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದ ಆಲಮಟ್ಟಿಯ ಜಲಾಶಯ, ದೂರದ ಸಹ್ಯಾದ್ರಿಯಲ್ಲಿ ಬಿದ್ದ ಮಳೆಯಿಂದ ತುಂಬುತ್ತದೆ. ಕಾಲುವೆ ಮುಟ್ಟದ ಹತ್ತಿರದ ಹೊಲ ಮಾತ್ರ ತನ್ನ ಮೇಲೆ ಬೀಳುವ ಮಳೆಯನ್ನೇ ಕಾಯಬೇಕು. ಹಾಗೆಯೇ 2020ರ ಅಕ್ಟೋಬರ್‌ನಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ಹೊಲಗಳಿಗೆ ನುಗ್ಗಿತು. ಬರ ಮತ್ತು ನೆರೆ ಎರಡನ್ನೂ ಉಂಡ ನೆಲಕ್ಕೆ ಮುನ್ಸೂಚನೆಯ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹಿಮದಿಂದ ಮಳೆಯವರೆಗೆ

ಮಳೆಯ ಮುನ್ಸೂಚನೆಯ ಇತಿಹಾಸಕ್ಕೂ ಈ ನಾಡಿಗೂ ಹಳೆಯ ನಂಟಿದೆ. ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತವನ್ನು 1876-78ರ ಭೀಕರ ಬರ ಕಾಡಿತು. ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶ ಅತಿಯಾಗಿ ನೊಂದ ಜಿಲ್ಲೆಗಳಲ್ಲೊಂದು. 1872ರ ಜನಗಣತಿಯಲ್ಲಿದ್ದಷ್ಟು ಜನ 1881ರ ಗಣತಿಯಲ್ಲಿ ಇಲ್ಲಿ ಉಳಿದಿರಲಿಲ್ಲ.

ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್, ಹಿಮಾಲಯದಲ್ಲಿ ಹೆಚ್ಚು ಹಿಮ ಬಿದ್ದ ವರ್ಷ ಮುಂಗಾರು ಕ್ಷೀಣಿಸುವುದನ್ನು ಗಮನಿಸಿದ. 1886ರಿಂದ ಅದರ ಆಧಾರದ ಮೇಲೆ ಅಧಿಕೃತ ಮುನ್ಸೂಚನೆ ಹೊರಡತೊಡಗಿತು. ಅವನ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಸಾರಿದ. ಬಂದದ್ದು ಘೋರ ಬರ. 1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್, ಜಗತ್ತಿನ ನಾನಾ ಕಡೆಯ ವಾಯುಭಾರ, ಉಷ್ಣಾಂಶಗಳಿಗೂ ಭಾರತದ ಮಳೆಗೂ ಇರುವ ಸಹಸಂಬಂಧವನ್ನು ಗುಮಾಸ್ತರಿಂದ ಕೈಯಲ್ಲೇ ಲೆಕ್ಕ ಹಾಕಿಸಿದ. ಪೆಸಿಫಿಕ್ ಸಾಗರದ ಮೇಲಿನ ವಾಯುಭಾರದ ತೂಗುಯ್ಯಾಲೆ ಬೆಳಕಿಗೆ ಬಂದದ್ದು ಆ ಲೆಕ್ಕಗಳಿಂದಲೇ.

ವಾಕರ್ ಒಂದು ಎಚ್ಚರಿಕೆಯನ್ನೂ ಹೇಳಿಹೋದ. 1914ರ ಅವನ ಲೇಖನದ ಸಾರ ಇದು: ಮಳೆಯೊಂದಿಗೆ ಐವತ್ತು ಸಂಗತಿಗಳನ್ನು ಹೋಲಿಸಿ ನೋಡಿದರೆ, ಅವುಗಳಲ್ಲಿ ಒಂದೆರಡು ಬರೀ ಆಕಸ್ಮಿಕವಾಗಿಯೇ ಚೆನ್ನಾಗಿ ಹೊಂದಿಕೊಂಡು ಕಾಣುತ್ತವೆ. ಅವನ್ನು ನಿಜವಾದ ಸಂಬಂಧವೆಂದು ನಂಬುವಂತಿಲ್ಲ.

ಈ ಎಚ್ಚರಿಕೆಯ ಅರ್ಥ ಎಲ್ಲರಿಗೂ ನಾಟಿದ್ದು 2002ರಲ್ಲಿ. ವಸಂತ ಗೋವಾರಿಕರ್ ಮತ್ತು ಸಂಗಡಿಗರು ರೂಪಿಸಿದ 16 ಅಂಶಗಳ ಸೂತ್ರವನ್ನು ಹವಾಮಾನ ಇಲಾಖೆ 1988ರಿಂದ ಬಳಸುತ್ತಿತ್ತು. ವರ್ಷ ವರ್ಷವೂ ‘ಮುಂಗಾರು ವಾಡಿಕೆಯಂತೆ’ ಎಂದು ಹೇಳಿ ಅದು ಮಾನವನ್ನೂ ಉಳಿಸಿಕೊಂಡಿತ್ತು. 2002ರಲ್ಲಿಯೂ ಸೂತ್ರ ಹಾಗೆಯೇ ಹೇಳಿತು. ಆದರೆ ಆ ವರ್ಷ ದೇಶದ ಮುಂಗಾರು ಮಳೆ ಸರಾಸರಿಗಿಂತ ಶೇಕಡಾ 19ರಷ್ಟು ಕಡಿಮೆಯಾಯಿತು. ಜುಲೈ ತಿಂಗಳೊಂದರಲ್ಲೇ ಅರ್ಧದಷ್ಟು ಮಳೆ ಮಾಯವಾಯಿತು. ಸೂತ್ರವನ್ನು ಕೈಬಿಡಬೇಕಾಯಿತು. ಪರಿಶೀಲಿಸಿದಾಗ, 16 ಅಂಶಗಳಲ್ಲಿ ಕೆಲವಕ್ಕೆ ಮಳೆಯೊಂದಿಗಿದ್ದ ನಂಟು ಕಾಲಕ್ರಮೇಣ ಸಡಿಲವಾಗಿದ್ದದ್ದು ಕಂಡುಬಂತು. ಕಾರಣ ಕೇಳದೆ ಉತ್ತರವನ್ನಷ್ಟೇ ನಂಬಿದ್ದಕ್ಕೆ ತೆತ್ತ ಬೆಲೆ ಅದು.

ಕಲಿಯುವ ಯಂತ್ರ

ಹದಿನಾರು ಅಂಶಗಳ ಸೂತ್ರವನ್ನು ಕಾಗದದ ಮೇಲೆ ಬರೆಯಬಹುದಿತ್ತು. ಇಂದಿನ ಕಲಿಯುವ ಯಂತ್ರದ ಸಂಗತಿ ಬೇರೆ. ಹಳೆಯ ರೇಡಿಯೋದ ತಿರುಗುಣಿಯನ್ನು ನೆನಪಿಸಿಕೊಂಡರೆ ವಿಷಯ ಸುಲಭ. ನಿಲ್ದಾಣ ಸ್ಪಷ್ಟವಾಗಿ ಕೇಳುವವರೆಗೆ ತಿರುಗುಣಿಯನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸುತ್ತಿದ್ದರು. ನರಜಾಲ ಎಂದು ಕರೆಯುವ ಗಣಕ ಕಾರ್ಯಕ್ರಮದಲ್ಲಿ ಅಂಥ ಲಕ್ಷಾಂತರ, ಕೋಟ್ಯಂತರ ತಿರುಗುಣಿಗಳಿವೆ. ಹಿಂದಿನ ದಿನಗಳ ಹವಾಮಾನದ ಅಂಕಿಗಳನ್ನು ಕೊಟ್ಟು, ‘ಮರುದಿನ ಏನಾಯಿತು ಹೇಳು’ ಎಂದು ಕೇಳುತ್ತಾರೆ. ಉತ್ತರ ತಪ್ಪಿದಷ್ಟೂ ತಿರುಗುಣಿಗಳು ತಾವಾಗಿ ಚೂರುಚೂರೇ ಸರಿಯುತ್ತವೆ. ಲಕ್ಷಗಟ್ಟಲೆ ಬಾರಿ ಹೀಗೆ ಮಾಡಿದ ಮೇಲೆ ಉತ್ತರ ಸರಿ ಬರತೊಡಗುತ್ತದೆ.

2023ರಲ್ಲಿ ಪ್ರಕಟವಾದ ಗೂಗಲ್ ಡೀಪ್‌ಮೈಂಡ್‌ನ ‘ಗ್ರಾಫ್‌ಕಾಸ್ಟ್’ ಇಂಥದ್ದು. ಸುಮಾರು ನಾಲ್ಕು ದಶಕಗಳ ಹವಾಮಾನದ ದಾಖಲೆಗಳಿಂದ ಕಲಿತ ಇದರಲ್ಲಿ ಸುಮಾರು 3.67 ಕೋಟಿ ತಿರುಗುಣಿಗಳಿವೆ. ಹತ್ತು ದಿನಗಳ ಜಾಗತಿಕ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸುವ ಸಾಂಪ್ರದಾಯಿಕ ವಿಧಾನಕ್ಕೆ ಇದೇ ಕೆಲಸಕ್ಕೆ ಬೃಹತ್ ಸೂಪರ್ ಕಂಪ್ಯೂಟರ್ ಬೇಕು. ಯುರೋಪಿನ ಮಧ್ಯಮಾವಧಿ ಹವಾಮಾನ ಕೇಂದ್ರ 2025ರ ಫೆಬ್ರುವರಿಯಲ್ಲಿ ತನ್ನದೇ ಕಲಿಯುವ ಯಂತ್ರವನ್ನು ದಿನನಿತ್ಯದ ಸೇವೆಗೆ ಇಳಿಸಿತು. ಅದೇ ವರ್ಷದ ಮುಂಗಾರಿನಲ್ಲಿ ಭಾರತದ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಇಂಥ ಯಂತ್ರಗಳ ನೆರವಿನಿಂದ ಮುಂಗಾರು ಆಗಮನದ ಮುನ್ಸೂಚನೆಯನ್ನು ಮೊಬೈಲ್ ಸಂದೇಶವಾಗಿ ಕಳಿಸಿತು. ಆದ್ದರಿಂದ ಮೇಲೆ ಹೇಳಿದ ರೈತನ ಪ್ರಸಂಗ ತೀರ ಕಲ್ಪನೆಯದೇನೂ ಅಲ್ಲ.

ಉತ್ತರ ಚೆನ್ನಾಗಿಯೇ ಬರುತ್ತಿದೆ. ಆದರೆ ಮೂರೂವರೆ ಕೋಟಿ ತಿರುಗುಣಿಗಳನ್ನು ಒಂದೊಂದಾಗಿ ನೋಡಿ ಕಾರಣ ತಿಳಿಯುವುದು ಯಾರಿಂದಲೂ ಆಗದು. ಅದಕ್ಕೇ ಇದನ್ನು ‘ಕಪ್ಪು ಪೆಟ್ಟಿಗೆ’ ಎನ್ನುತ್ತಾರೆ.

ಲೆಕ್ಕ ಬಲ್ಲ ಕುದುರೆ

ಸುಮಾರು 120 ವರ್ಷಗಳ ಹಿಂದೆ ಬರ್ಲಿನ್ ನಗರದಲ್ಲಿ ಹ್ಯಾನ್ಸ್ ಎಂಬ ಕುದುರೆಯೊಂದು ಹೆಸರುವಾಸಿಯಾಗಿತ್ತು. ಯಜಮಾನ ಫಾನ್ ಓಸ್ಟೆನ್ ‘ಐದಕ್ಕೆ ಮೂರು ಕೂಡಿಸಿದರೆ ಎಷ್ಟು?’ ಎಂದರೆ ಕುದುರೆ ಗೊರಸಿನಿಂದ ಎಂಟು ಸಲ ನೆಲ ಬಡಿಯುತ್ತಿತ್ತು. 1904ರಲ್ಲಿ ಪಂಡಿತರ ಸಮಿತಿಯೊಂದು ಪರೀಕ್ಷಿಸಿ ಮೋಸವೇನೂ ಇಲ್ಲ ಎಂದಿತು. ಆದರೆ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಇನ್ನೊಂದು ಪರೀಕ್ಷೆ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ! ಬಡಿತ ಸರಿಯಾದ ಸಂಖ್ಯೆಗೆ ಬಂದಾಗ ಕೇಳುವವನ ಮುಖದಲ್ಲಿ, ಮೈಯಲ್ಲಿ ಅವನಿಗೇ ಅರಿವಿಲ್ಲದೆ ಆಗುವ ಸಣ್ಣ ಸಡಿಲಿಕೆಯನ್ನು ಅದು ಓದುತ್ತಿತ್ತು. ಉತ್ತರ ಸರಿ, ದಾರಿ ಬೇರೆ.

ಯಂತ್ರಗಳೂ ಹೀಗೆಯೇ ಮಾಡುತ್ತವೆ. ಚಿತ್ರ ನೋಡಿ ಕುದುರೆಯನ್ನು ಗುರುತಿಸುತ್ತಿದ್ದ ಒಂದು ಗಣಕ ಕಾರ್ಯಕ್ರಮವನ್ನು ಜರ್ಮನಿಯ ಸಂಶೋಧಕರು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಅದು ಕುದುರೆಯನ್ನು ನೋಡುತ್ತಲೇ ಇರಲಿಲ್ಲ. ಕುದುರೆಯ ಅನೇಕ ಚಿತ್ರಗಳ ಮೂಲೆಯಲ್ಲಿ ಛಾಯಾಚಿತ್ರ ಎಲ್ಲಿಂದ ಬಂದದ್ದೆಂಬ ಸಣ್ಣ ಅಕ್ಷರದ ಗುರುತಿತ್ತು. ಯಂತ್ರ ಕಲಿತದ್ದು ಆ ಗುರುತನ್ನು. ಅದೇ ಗುರುತನ್ನು ಕಾರಿನ ಚಿತ್ರಕ್ಕೆ ಅಂಟಿಸಿದರೆ ಕಾರನ್ನೂ ಕುದುರೆ ಎನ್ನುತ್ತಿತ್ತು.

ಮಳೆ ಹೇಳುವ ಯಂತ್ರವೂ ಇಂಥ ಅಡ್ಡದಾರಿ ಹಿಡಿದಿದ್ದರೆ? ಹಳೆಯ ದಾಖಲೆಗಳ ಮೇಲೆ ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತು ಸರಿ ಹೇಳಿ, ಹವಾಗುಣ ಬದಲಾದ ವರ್ಷ, ಹೆಚ್ಚು ಬೇಕಾದ ವರ್ಷವೇ, ಕೈಕೊಡಬಹುದು.

ಕಾರಣ ಹೊರಡಿಸುವ ಮೂರು ಉಪಾಯ

ಮೊದಲನೆಯ ಉಪಾಯ ಕಲಸಿ ನೋಡುವುದು. ಯಂತ್ರಕ್ಕೆ ಕೊಡುವ ಅಂಕಿಗಳ ಪಟ್ಟಿಯಲ್ಲಿ ಆರ್ದ್ರತೆಯ ಕಂಬಸಾಲನ್ನು ಮಾತ್ರ ಇಸ್ಪೀಟು ಎಲೆಗಳಂತೆ ಕಲಸಿ ಅದಲುಬದಲು ಮಾಡುತ್ತಾರೆ. ಉತ್ತರಗಳು ಬಹಳ ಕೆಟ್ಟರೆ ಯಂತ್ರ ಆರ್ದ್ರತೆಯನ್ನು ಬಹಳ ನೆಚ್ಚಿತ್ತು ಎಂದರ್ಥ. ಏನೂ ಕೆಡದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಲಿಯೋ ಬ್ರೈಮನ್ 2001ರಲ್ಲಿ ಈ ವಿಧಾನವನ್ನು ಬಳಕೆಗೆ ತಂದ.

ಎರಡನೆಯದು ಬಿಸಿನಕ್ಷೆ. ಯಂತ್ರ ಉತ್ತರ ಕೊಟ್ಟ ಮೇಲೆ, ಆ ಉತ್ತರದಿಂದ ಹಿಂದಕ್ಕೆ ನಡೆಯುತ್ತಾ, ನಕ್ಷೆಯ ಯಾವ ಭಾಗದಿಂದ ಎಷ್ಟು ಪ್ರಭಾವ ಬಂತೆಂದು ಹಂಚುತ್ತಾರೆ. ಪ್ರಭಾವ ಹೆಚ್ಚಿದ್ದ ಜಾಗ ಕೆಂಪಾಗಿ ಕಾಣುತ್ತದೆ. ಕುದುರೆ ಚಿತ್ರದ ಗುಟ್ಟು ಬಯಲಾದದ್ದು ಇದರಿಂದಲೇ.

ಮೂರನೆಯದು ಪಾಲು ಹಂಚುವ ಲೆಕ್ಕ. ಇದರ ಮೂಲ ಹವಾಮಾನದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ. ಹಲವರು ಕೂಡಿ ಮಾಡಿದ ಕೆಲಸದ ಲಾಭವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬುದಕ್ಕೆ ಲಾಯ್ಡ್ ಶಾಪ್ಲಿ 1953ರಲ್ಲಿ ಒಂದು ಸೂತ್ರ ಕೊಟ್ಟರು. 2012ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಲುಂಡ್‌ಬರ್ಗ್ ಮತ್ತು ಸು-ಇನ್ ಲೀ 2017ರಲ್ಲಿ ಅದೇ ಸೂತ್ರವನ್ನು ಯಂತ್ರಗಳಿಗೆ ಅನ್ವಯಿಸಿದರು.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಈ ಲೆಕ್ಕ ಮಾಡಬಹುದು. ಉದಾಹರಣೆಗೆ ಕಲ್ಪಿಸಿಕೊಂಡ ಅಂಕಿಗಳಿವು. ಏನೂ ಗೊತ್ತಿಲ್ಲದಾಗ ನಾಳೆ ಮಳೆಯಾಗುವ ಸಂಭವ ನೂರಕ್ಕೆ 30. ಆರ್ದ್ರತೆ ಮಾತ್ರ ತಿಳಿದರೆ ಯಂತ್ರ 45 ಎನ್ನುತ್ತದೆ. ಗಾಳಿಯ ದಿಕ್ಕು ಮಾತ್ರ ತಿಳಿದರೆ 35. ಎರಡೂ ತಿಳಿದರೆ 70. ಅಂದರೆ 30ರಿಂದ 70ಕ್ಕೆ, 40 ಅಂಕ ಏರಿತು. ಇದರಲ್ಲಿ ಯಾರ ಪಾಲು ಎಷ್ಟು?

ಆರ್ದ್ರತೆ ಮೊದಲು ಬಂದರೆ ಅದರ ಕೊಡುಗೆ 45–30=15, ಆಮೇಲೆ ಬಂದ ಗಾಳಿಯದು 70–45=25. ಗಾಳಿ ಮೊದಲು ಬಂದರೆ ಅದರದು 35–30=5, ಆಮೇಲೆ ಬಂದ ಆರ್ದ್ರತೆಯದು 70–35=35. ಎರಡು ಸರದಿಗಳ ಸರಾಸರಿ ತೆಗೆದರೆ ಆರ್ದ್ರತೆಯ ಪಾಲು 25, ಗಾಳಿಯ ಪಾಲು 15. ಕೂಡಿಸಿದರೆ ಸರಿಯಾಗಿ 40. ಯಾರಿಗೂ ಅನ್ಯಾಯವಿಲ್ಲ. ಅಂಶಗಳು ಎರಡರ ಬದಲು ಇಪ್ಪತ್ತಾದರೆ ಸರದಿಗಳ ಸಂಖ್ಯೆ ಅಪಾರವಾಗುತ್ತದೆ. ಅದಕ್ಕೆ ಗಣಕದ ಸಹಾಯ ಬೇಕು, ಅಷ್ಟೆ.

ಪ್ರಬಂಧ ಬರೆದವರು

ಅಮೆರಿಕದ ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜಾನ್ ಗ್ಯಾನ್ 2016ರಲ್ಲಿ ಪಿಎಚ್.ಡಿ. ಪಡೆದರು. ಆಲಿಕಲ್ಲಿನಂಥ ಅನಾಹುತಕಾರಿ ಹವೆಯನ್ನು ಯಂತ್ರಕಲಿಕೆಯಿಂದ ಮುನ್ನುಡಿಯುವುದು ಅವರ ವಿಷಯ. 2019ರಲ್ಲಿ ಅವರು ಮತ್ತು ಸಂಗಡಿಗರು ದೊಡ್ಡ ಆಲಿಕಲ್ಲು ಬೀಳುವುದನ್ನು ಹೇಳುವ ನರಜಾಲವೊಂದರ ಒಳಹೊಕ್ಕು ನೋಡಿದರು. ಆಲಿಕಲ್ಲು ತರುವ ಬಿರುಮಳೆಯ ಮೋಡಗಳ ಆಕಾರ, ರಚನೆಗಳನ್ನು ಯಾರೂ ಹೇಳಿಕೊಡದೆಯೇ ಜಾಲ ಗುರುತಿಸಲು ಕಲಿತಿತ್ತು. ಹವಾಮಾನ ತಜ್ಞರು ದಶಕಗಳ ಅನುಭವದಿಂದ ಅರಿತದ್ದಕ್ಕೆ ಅದು ಹೊಂದುತ್ತಿತ್ತು. ಯಂತ್ರ ಇಲ್ಲಿ ಹ್ಯಾನ್ಸ್ ಕುದುರೆಯಾಗಿರಲಿಲ್ಲ. 2014ರ ಫೆಬ್ರುವರಿ-ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಸುರಿದ ಆಲಿಕಲ್ಲಿನಲ್ಲಿ ಕೊಯ್ಲಿಗೆ ಬಂದ ಬೆಳೆ ನೆಲಕಚ್ಚಿದ್ದನ್ನು ಕಂಡವರಿಗೆ ಈ ಕೆಲಸದ ಬೆಲೆ ಅರ್ಥವಾದೀತು.

ಕೊಲೊರಾಡೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಬೆಂಜಮಿನ್ ಟಾಮ್ಸ್, ಮಾರ್ಗದರ್ಶಕಿ ಎಲಿಜಬೆತ್ ಬಾರ್ನ್ಸ್ ಮತ್ತು ಇಮ್ಮೆ ಎಬರ್ಟ್-ಉಪಾಫ್ ಅವರೊಂದಿಗೆ 2020ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸರಳ. ಸಾಗರದ ಮೇಲ್ಮೈ ಉಷ್ಣಾಂಶದ ನಕ್ಷೆಗಳನ್ನು ಕೊಟ್ಟು ಇದು ‘ಎಲ್ ನಿನೊ’ ಸ್ಥಿತಿಯೋ ‘ಲಾ ನಿನಾ’ ಸ್ಥಿತಿಯೋ ಎಂದು ಯಂತ್ರವನ್ನು ಕೇಳಿದರು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಇದು. ಬಿಸಿನಕ್ಷೆ ತೆಗೆದಾಗ ಕೆಂಪಾಗಿದ್ದದ್ದು ಸಮಭಾಜಕದ ಪೆಸಿಫಿಕ್ ಸಾಗರವೇ. ಗೊತ್ತಿರುವ ಲೆಕ್ಕದಲ್ಲಿ ಪಾಸಾದ ಮೇಲೆ ಗೊತ್ತಿಲ್ಲದ ಲೆಕ್ಕ ಕೊಡುವುದು ಒಳ್ಳೆಯ ಉಪಾಧ್ಯಾಯರ ಕ್ರಮವೂ ಹೌದಲ್ಲವೇ?

ಮುಂಗಾರಿನ ಮೇಲೂ ಕೆಲಸ ನಡೆದಿದೆ. ಖರಗ್‌ಪುರದ ಐಐಟಿಯ ಮೌಮಿತಾ ಸಾಹಾ ಮತ್ತು ಪಬಿತ್ರ ಮಿತ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ ಅವರೊಂದಿಗೆ ಸೇರಿ 2016ರಲ್ಲಿ, ಸಾಗರ ಮತ್ತು ವಾತಾವರಣದ ಅಂಕಿಗಳ ರಾಶಿಯಿಂದ ಮುಂಗಾರಿಗೆ ಸುಳಿವು ಕೊಡುವ ಅಂಶಗಳನ್ನು ನರಜಾಲವೇ ಆರಿಸುವ ವಿಧಾನವನ್ನು ಪ್ರಕಟಿಸಿದರು. ವಾಕರ್‌ನ ಗುಮಾಸ್ತರು ಕೈಯಲ್ಲಿ ಮಾಡಿದ ಹುಡುಕಾಟವನ್ನು ಈಗ ಯಂತ್ರ ಮಾಡುತ್ತದೆ. ಆದರೆ ವಾಕರ್‌ನ ಎಚ್ಚರಿಕೆ ಮಾತ್ರ ಹಾಗೆಯೇ ಉಳಿದಿದೆ. ಮುಂಗಾರು ವರ್ಷಕ್ಕೊಮ್ಮೆ ಬರುತ್ತದೆ; 1875ರಿಂದ ಎಣಿಸಿದರೂ ಉದಾಹರಣೆಗಳು ಸುಮಾರು 150. ಕೋಟಿ ತಿರುಗುಣಿಗಳ ಯಂತ್ರಕ್ಕೆ ನೂರೈವತ್ತು ಉದಾಹರಣೆ ಎಂದರೆ ಬಾಯಿಪಾಠಕ್ಕೆ ಹೇಳಿಮಾಡಿಸಿದ ಸನ್ನಿವೇಶ.

ಇಲ್ಲಿ ಮನುಷ್ಯನ ತಿಳಿವಳಿಕೆ ಬೇಕಾಗುತ್ತದೆ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಬಂತು. ಬರ ಖಂಡಿತ ಎಂದು ಹೆದರಿದವರಿದ್ದರು. ಆದರೆ ಭಾರತದ ಮುಂಗಾರು ವಾಡಿಕೆಯಷ್ಟೇ ಆಯಿತು. 2002ರಲ್ಲಿ ಅದಕ್ಕಿಂತ ದುರ್ಬಲವಾದ ಎಲ್ ನಿನೊ ಬರ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2004ರಲ್ಲಿ ಇದಕ್ಕೊಂದು ವಿವರಣೆ ಮುಂದಿಟ್ಟರು: ಪೆಸಿಫಿಕ್ ಒಂದನ್ನೇ ನೋಡಿದರೆ ಸಾಲದು, ಸಮಭಾಜಕದ ಹಿಂದೂ ಮಹಾಸಾಗರದ ಪೂರ್ವ-ಪಶ್ಚಿಮಗಳ ನಡುವೆ ಮೋಡ ಮತ್ತು ಗಾಳಿಯ ಒಂದು ತೂಗುಯ್ಯಾಲೆ ಇದೆ, ಎರಡನ್ನೂ ಕೂಡಿಸಿ ನೋಡಬೇಕು. ಇದೇ ಗಾಡ್ಗೀಳ್ ಅವರು ಪಾವಗಡದ ಶೇಂಗಾ ಬೆಳೆಗಾರರೊಂದಿಗೆ ಕುಳಿತು, ಯಾವಾಗ ಬಿತ್ತಿದರೆ ಲಾಭ ಎಂಬುದನ್ನು ಮಳೆಯ ದಾಖಲೆಗಳಿಂದ ಲೆಕ್ಕ ಹಾಕಿದವರು. ರೈತನ ಪ್ರಶ್ನೆಯಿಂದ ಆರಂಭಿಸಿದರೆ ವಿಜ್ಞಾನ ಕಿರಿದಾಗುವುದಿಲ್ಲ ಎಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ವಿವರಣೆಯೂ ತಪ್ಪಬಹುದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಯಂತ್ರ ‘ನಾನು ಇದನ್ನು ನೋಡಿ ಹೇಳಿದೆ’ ಎಂದರೆ, ಅದೇ ಮಳೆಗೆ ಕಾರಣ ಎಂದಲ್ಲ. ಇರುವೆಗಳು ಮೊಟ್ಟೆ ಹೊತ್ತು ಮೇಲೇರಿದರೆ ಮಳೆ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಸುಳಿವು ನಿಜವೇ ಇರಬಹುದು. ಹಾಗೆಂದು ಇರುವೆಗಳನ್ನು ಕೈಯಿಂದ ಗೋಡೆ ಹತ್ತಿಸಿದರೆ ಮಳೆ ಬರುವುದಿಲ್ಲ. ಸುಳಿವು ಬೇರೆ, ಕಾರಣ ಬೇರೆ. ಒಂದೇ ಉತ್ತರಕ್ಕೆ ಎರಡು ವಿಧಾನಗಳು ಎರಡು ಬಗೆಯ ವಿವರಣೆ ಕೊಡುವುದೂ ಉಂಟು.

ಡ್ಯೂಕ್ ವಿಶ್ವವಿದ್ಯಾಲಯದ ಸಿಂಥಿಯಾ ರೂಡಿನ್ 2019ರಲ್ಲಿ ಇನ್ನೂ ಮುಂದೆ ಹೋಗಿ ವಾದಿಸಿದರು: ಜನರ ಬದುಕಿಗೆ ತಟ್ಟುವ ನಿರ್ಧಾರಗಳಿಗೆ ಕಪ್ಪು ಪೆಟ್ಟಿಗೆ ಕಟ್ಟಿ ಆಮೇಲೆ ವಿವರಣೆ ಹುಡುಕುವ ಬದಲು, ಮೊದಲಿನಿಂದಲೇ ಅರ್ಥವಾಗುವ ಸರಳ ಯಂತ್ರವನ್ನೇ ಕಟ್ಟಬಾರದೇಕೆ? ಈ ಚರ್ಚೆ ಮುಗಿದಿಲ್ಲ. ಮುಗಿಯದ ಚರ್ಚೆ ಇರುವಲ್ಲಿಯೇ ಸಂಶೋಧನೆಗೆ ಜಾಗವಿರುವುದು.

ಮನೆಯಿಂದಲೇ ಆರಂಭ

ಯಂತ್ರ ಎಷ್ಟೇ ಜಾಣನಾದರೂ ಅದಕ್ಕೆ ಮೇವು ಬೇಕು. ಆ ಮೇವು ಮಳೆ ಅಳತೆಯ ದಾಖಲೆ. 1988ರಲ್ಲಿ ಬರ ಪರಿಶೀಲನಾ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ವಿಜಯಪುರದ ಒಣಬೇಸಾಯ ಸಂಶೋಧನೆಗೆ 1930ರ ದಶಕದಿಂದಲೂ ಇತಿಹಾಸವಿದೆ. ಇಂಡಿಯ ಲಿಂಬೆಗೋ ಸಿಂದಗಿಯ ತೊಗರಿಗೋ ಬೇಕಾದ ಮುನ್ಸೂಚನೆಯನ್ನು ಕಟ್ಟಲು, ಅದನ್ನು ಪರೀಕ್ಷಿಸಲು ಇಂಥ ದಾಖಲೆಗಳೇ ಆಧಾರ.

ವಿದ್ಯಾರ್ಥಿಗಳು ಈ ಮುಂಗಾರಿನಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಮೇಲೆ ಕೆಳಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿಟ್ಟು ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆಯಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು 4,047 ಲೀಟರ್ ನೀರು. 25 ಮಿಲಿಮೀಟರ್ ಬಿದ್ದರೆ ಲಕ್ಷ ಲೀಟರ್ ದಾಟಿತು. ವಹಿಯಲ್ಲಿ ದಿನವೂ ಮೂರು ಸಂಗತಿ ಬರೆಯಬೇಕು: ಸೆಕೆ ಇದೆಯೋ ಇಲ್ಲವೋ, ಗಾಳಿ ಯಾವ ಕಡೆಯದು, ಸಂಜೆ ಮೋಡ ಹೇಗಿತ್ತು. ನಾಲ್ಕನೆಯ ಕಂಬಸಾಲಿನಲ್ಲಿ ಮರುದಿನ ಮಳೆ ಬಂತೋ ಇಲ್ಲವೋ.

ಅರವತ್ತು ದಿನಗಳ ಬಳಿಕ ಒಂದು ನಿಯಮ ಕಟ್ಟಬೇಕು. ‘ಪಶ್ಚಿಮದ ಗಾಳಿ ಮತ್ತು ಕಪ್ಪು ಮೋಡ ಇದ್ದರೆ ಮಳೆ’ ಎಂಬಂತೆ. ಅದು ಎಷ್ಟು ದಿನ ಸರಿಯಾಗಿತ್ತು, ಎಣಿಸಬೇಕು. 44 ದಿನ ಎಂದಿಟ್ಟುಕೊಂಡರೆ, ಈಗ ಗಾಳಿಯ ಕಂಬಸಾಲನ್ನು ಚೀಟಿಗಳಲ್ಲಿ ಬರೆದು ಕಲಸಿ ಮತ್ತೆ ಎಣಿಸಬೇಕು. 42ಕ್ಕೆ ಇಳಿದರೆ ಗಾಳಿಗೆ ಬೆಲೆ ಕಡಿಮೆ. ಮೋಡದ ಕಂಬಸಾಲನ್ನು ಕಲಸಿದಾಗ 33ಕ್ಕೆ ಕುಸಿದರೆ, ನಿಯಮದ ಜೀವ ಮೋಡದಲ್ಲಿತ್ತು. ಬ್ರೈಮನ್‌ನ ಉಪಾಯ ಇದೇ. ಇದಕ್ಕೆ ಗಣಕವೂ ಬೇಡ, ವಿದ್ಯುತ್ತೂ ಬೇಡ.

ಪಾಲಕರಿಗೂ ಒಂದು ಮಾತು. ಈ ದಾರಿಯಲ್ಲಿ ಹೋಗುವ ಮಗ ಅಥವಾ ಮಗಳಿಗೆ ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರದ ಗಟ್ಟಿ ಬುನಾದಿ ಬೇಕು. ಬಿ.ಎಸ್ಸಿ. ಓದಿದವರು ಎಂ.ಎಸ್ಸಿ. ಮುಗಿಸಿ, ನೆಟ್ ಅಥವಾ ಗೇಟ್ ಪರೀಕ್ಷೆ ಬರೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಂಥ ಕಡೆ ಪಿಎಚ್.ಡಿ.ಗೆ ಪ್ರಯತ್ನಿಸಬಹುದು. ನೆಟ್ ಮೂಲಕ ಕಿರಿಯ ಸಂಶೋಧನಾ ವೇತನ ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಹೊಲ ಮಾರಿ ಓದಿಸಬೇಕಾದ ಓದು ಇದಲ್ಲ.

ಹೊಲದಲ್ಲಿ ಬೆಳೆದ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಯಂತ್ರ ತೋರಿಸಿದ ಕಾರಣ ಮಣ್ಣಿಗೆ, ಗಾಳಿಗೆ, ಮಳೆಗೆ ಒಪ್ಪುವಂಥದ್ದೋ ಅಲ್ಲವೋ ಎಂದು ತೀರ್ಮಾನಿಸಲು, ಉತ್ತರಿ ಮಳೆಗಾಗಿ ಆಕಾಶ ನೋಡಿದ ಅನುಭವ ಇರಬೇಕು. ‘ಯಾಕ ಆಗಂಗಿಲ್ಲ?’ ಎಂದು ತಂದೆ ಕೇಳಿದಾಗ ಸಂದೇಶ ಓದಿ ಹೇಳಿದ ಆ ಮಗಳು, ಮುಂದೊಂದು ದಿನ ಉತ್ತರವನ್ನೂ ಓದಿ ಹೇಳುವಂತಾದರೆ ಅದಕ್ಕಿಂತ ಒಳ್ಳೆಯ ಹಂಗಾಮು ಬೇರೆ ಬೇಕಿಲ್ಲ.